ದೋಣಿ ಹತ್ತದ ಟೀಚರ್

ಸಾರಿಗೆಯಲ್ಲಿ ಮೂರು ಬಗೆ. ನೆಲದ ಮೇಲೆ ಹೋಗುವುದು, ನೀರಿನ ಮೇಲೆ ಹೋಗುವುದು, ಗಾಳಿಯಲ್ಲಿ ಹೋಗುವುದು. ಇಷ್ಟನ್ನು ಐದು ವರ್ಷದ ಮಕ್ಕಳ ತಲೆಗೆ ತುಂಬಲು ಪಠ್ಯ ಬರೆದವರು ಎರಡು ವಾರ ಕೊಟ್ಟಿದ್ದಾರೆ. ಕಂಪಾಲದಲ್ಲಿ ಫ್ಯಾನಿನ ಕೆಳಗೆ ಕೂತು ಅದನ್ನು ಬರೆದ ಪುಣ್ಯಾತ್ಮರು ನಮ್ಮ ಬುವೆಮ ದ್ವೀಪಕ್ಕೆ ಒಮ್ಮೆ ಬಂದುಹೋಗಿದ್ದರೆ ಚೆನ್ನಾಗಿತ್ತು. ಇಲ್ಲಿ ಕಾರಿಲ್ಲ, ಬಸ್ಸಿಲ್ಲ, ರೈಲಂತೂ ಕೇಳಲೇಬೇಡಿ. ಒಂದು ಸೈಕಲ್ಲಿದೆ, ಅದಕ್ಕೆ ಚೈನಿಲ್ಲ. ಮೀನು ಒಣಗಿಸುವ ಮರಳು, ಹತ್ತಾರು ತಗಡಿನ ಮನೆ, ಒಂದು ಚರ್ಚು, ನಮ್ಮ ಶಾಲೆ, ಸುತ್ತ ನಲುಬಾಲೆಯ ನೀರು. ನಕ್ಷೆಯಲ್ಲಿ ಆ ಸರೋವರಕ್ಕೆ ಯಾವಳೋ ರಾಣಿಯ ಹೆಸರಿಟ್ಟಿದ್ದಾರೆ. ಅವಳೂ ಇದನ್ನು ದಾಟಿದವಳಲ್ಲ.

ಗೋಡೆಗೆ ಚಿತ್ರಗಳನ್ನು ಅಂಟಿಸಿ ಕೋಲು ಹಿಡಿದು ನಿಂತೆ. ನೀರಿನ ಮೇಲೆ ಹೋಗುವುದು ಯಾವುದು ಎಂದು ಕೇಳಿದರೆ ಇಡೀ ಕ್ಲಾಸು "ದೋಣಿ" ಎಂದು ತಗಡು ಹಾರುವಂತೆ ಕೂಗಿತು. ಸರಿ, ನೆಲದ ಮೇಲೆ ಹೋಗುವುದು?

ಮುಂದಿನ ಸಾಲಿನ ನಂಟೇಜ ಕೈ ಎತ್ತಿದಳು. "ಕಿಗೋಜಿ ಮಾಮ."

"ಅವನು ಮನುಷ್ಯ ಕಣೇ. ನಾನು ವಾಹನ ಕೇಳಿದ್ದು."

"ಜನರನ್ನ ಒಂದ್ ಕಡೆಯಿಂದ ಇನ್ನೊಂದ್ ಕಡೆಗೆ ಕರ್ಕೊಂಡ್ ಹೋಗೋದು ವಾಹನ ಅಂತ ನಿನ್ನೆ ನೀವೇ ಹೇಳಿದ್ರಲ್ಲ ಟೀಚರ್."

"ದುಡ್ಡೂ ಇಸ್ಕೋತಾನೆ," ಎಂದು ಪಕ್ಕದ ಸೆಂಪಾಲ ದನಿಗೂಡಿಸಿದ.

ಮಕ್ಕಳದು ತಪ್ಪಲ್ಲ. ನಮ್ಮ ದಡಕ್ಕೆ ಕಟ್ಟೆ ಇಲ್ಲ. ದೋಣಿ ಎದೆಮಟ್ಟದ ನೀರಿನಲ್ಲೇ ನಿಲ್ಲುತ್ತದೆ. ಅಲ್ಲಿಯವರೆಗೆ ಬಟ್ಟೆ ಒದ್ದೆಯಾಗದ ಹಾಗೆ ಎಲ್ಲರನ್ನೂ ಬೆನ್ನ ಮೇಲೆ ಹೊತ್ತು ದಾಟಿಸುವವನು ಕಿಗೋಜಿ. ಮುದುಕಿಯರು, ಬಸುರಿಯರು, ಅಕ್ಕಿ ಮೂಟೆ, ಪಾದ್ರಿ, ಎಲ್ಲರೂ ಅದೇ ಬೆನ್ನಿನ ಮೇಲೆ. ಒಮ್ಮೆ ಜಿಲ್ಲಾ ಶಿಕ್ಷಣಾಧಿಕಾರಿ ಟೈ ಕಟ್ಟಿಕೊಂಡು, ಬೂಟು ಕೈಯಲ್ಲಿ ಹಿಡಿದು ಅವನ ಬೆನ್ನೇರಿ ಬಂದದ್ದನ್ನು ಊರೆಲ್ಲ ನೋಡಿದೆ.

"ಅವ್ನು ನೆಲದ್ದಾ, ನೀರಿನದ್ದಾ ಟೀಚರ್?" ಎಂದು ನಂಟೇಜ ಮತ್ತೆ ಕೇಳಿದಳು.

ಉತ್ತರ ಹೊಳೆಯದಾಗ ಎಲ್ಲ ಟೀಚರುಗಳೂ ಮಾಡುವುದನ್ನೇ ಮಾಡಿದೆ. "ಸಾಕು, ಬಾಯಿ ಮುಚ್ಕೊಂಡು ಬೆಂಚು ಎತ್ತಿಡಿ, ದೋಣಿ ಆಟ ಆಡೋಣ," ಎಂದೆ.

ಎರಡು ಬೆಂಚು ಎದುರುಬದುರಾದರೆ ದೋಣಿ. ಸೆಂಪಾಲ ಹಿಂದೆ ಕೂತು ಬಾಯಲ್ಲೇ ಎಂಜಿನ್ ಶುರು ಮಾಡಿದ. ನಂಟೇಜ ಹುಣಸೆ ಎಲೆಯ ಟಿಕೆಟ್ ಹಂಚಿದಳು. ಉಳಿದವರು ಕೋಳಿ, ಮೀನು, ಚೀಲ ಎಲ್ಲವನ್ನೂ ಹೊತ್ತವರಂತೆ ತಳ್ಳಾಡಿಕೊಂಡು ಹತ್ತಿದರು.

"ಟೀಚರ್, ನೀವೂ ಹತ್ತಿ."

"ನಾನು ದಡದಲ್ಲಿ ನಿಂತು ಟಾಟಾ ಮಾಡ್ತೀನಿ."

"ನೀವು ಯಾವಾಗ್ಲೂ ದಡದಲ್ಲೇ," ಎಂದಳು ನಂಟೇಜ.

ಅದು ಬೆಂಚು. ಅದರ ಕೆಳಗಿದ್ದದ್ದು ಮಣ್ಣಿನ ನೆಲ. ಆದರೂ ನನ್ನ ಅಂಗೈ ಬೆವರಿತು. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ನನಗೆ ನೀರೆಂದರೆ ಭಯ. ಸಾಧಾರಣ ಭಯವಲ್ಲ, ಕೈಕಾಲು ತಣ್ಣಗಾಗಿ ನಾಲಿಗೆ ಒಣಗುವ ಭಯ. ಮೂರು ವರ್ಷದ ಹಿಂದೆ ಈ ಶಾಲೆಗೆ ಕೆಲಸಕ್ಕೆಂದು ಬರುವಾಗ ನಡುನೀರಿನಲ್ಲಿ ಗಾಳಿ ಎದ್ದಿತು, ಎಂಜಿನ್ ನಿಂತಿತು. ಅಲೆ ದೋಣಿಯ ಅಂಚು ಹತ್ತಿ ಒಳಗೆ ಬರುತ್ತಿತ್ತು. ನಾವು ಹೆಂಗಸರೆಲ್ಲ ಕತ್ತರಿಸಿದ ಎಣ್ಣೆ ಕ್ಯಾನಿನಿಂದ ನೀರು ಎತ್ತಿ ಎತ್ತಿ ಚೆಲ್ಲಿದೆವು. ನನ್ನ ಪಕ್ಕದವಳು ತನ್ನ ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದವಳು, ಬಿಚ್ಚಿ ನನ್ನ ಕೈಗೆ ಕೊಟ್ಟು, "ನಿಮಗೆ ಈಜು ಬರತ್ತಲ್ವಾ?" ಎಂದು ಕೇಳಿದಳು. ಬರುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಯಾರೂ ಸಾಯಲಿಲ್ಲ. ಆದರೆ ಈ ಮರಳಿನ ಮೇಲೆ ಕಾಲಿಟ್ಟವಳು ಮತ್ತೆ ಇಲ್ಲಿಂದ ಕದಲಲಿಲ್ಲ.

ಮೊದಲು ಒಂದು ಅವಧಿ ಕಳೆಯಲಿ ಎಂದುಕೊಂಡೆ. ಆಮೇಲೆ ರಜೆ ಬಂತು, ಹೊಟ್ಟೆನೋವು ಎಂದೆ. ಸಂಬಳ ಫೋನಿಗೇ ಬರುತ್ತದೆ, ಸಕ್ಕರೆ ಸೋಪು ಅಂಗಡಿಗೆ ಬರುತ್ತವೆ, ಸಿಕ್ಕಿಬಿದ್ದಿರುವುದು ಯಾರ ಕಣ್ಣಿಗೂ ಕಾಣುವುದಿಲ್ಲ. ಕಳೆದ ವರ್ಷ ಊರಿಗೇ ವರ್ಗವಾಯಿತು. ಮಕ್ಕಳನ್ನು ಬಿಟ್ಟು ಹೋಗಲಾರೆ ಎಂದು ಬೇಡವೆಂದೆ. ಅದಕ್ಕೆ ಶಾಲೆಯ ಸಭೆಯಲ್ಲಿ ನನ್ನ ಸೇವಾಮನೋಭಾವವನ್ನು ಹೊಗಳಿ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿ ಕೂತಿದ್ದೆ, ಅದನ್ನೂ ವಿನಯ ಎಂದುಕೊಂಡರು.

ಇಷ್ಟು ದಿನ ಹೇಗೋ ನಡೆಯಿತು. ಈಗ ನಡೆಯುವ ಹಾಗಿರಲಿಲ್ಲ. ಬಿರುಂಗಿಯ ಮದುವೆಗೆ ಮುಂಚಿನ ಪರಿಚಯದ ಶಾಸ್ತ್ರ ಆ ಶನಿವಾರ ಆಚೆ ಕಡೆಯ ನಮ್ಮೂರು ಮಸಾಕದಲ್ಲಿ ನಿಗದಿಯಾಗಿತ್ತು.

ಬಿರುಂಗಿ ನನ್ನ ತಮ್ಮ ಲುಟಾಯನ ಮಗಳು. ಅವನೂ ಅವನ ಹೆಂಡತಿಯೂ ವ್ಯಾಪಾರಕ್ಕೆಂದು ಊರೂರು ಅಲೆಯುತ್ತಿದ್ದ ಕಾಲದಲ್ಲಿ ಅವಳು ನನ್ನ ಮಗ್ಗುಲಲ್ಲೇ ಮಲಗಿ ಬೆಳೆದವಳು. ನಮ್ಮಲ್ಲಿ ಸೋದರತ್ತೆಗೆ ಸೆಂಗ ಎನ್ನುತ್ತೇವೆ. ಹುಡುಗಿಗೆ ಬುದ್ಧಿ ಹೇಳುವವಳು ಸೆಂಗ, ಮದುವೆಯ ಗುಟ್ಟು ಕಲಿಸುವವಳು ಸೆಂಗ. ಪರಿಚಯದ ದಿನ ಗಂಡಿನ ಕಡೆಯವರು ಒಂದೇ ಥರ ಉಡುಪು ತೊಟ್ಟು ಸಾಲಾಗಿ ಕೂತಿರುತ್ತಾರೆ, ಹುಡುಗ ಅವರ ನಡುವೆ ಎಲ್ಲೋ ಅಡಗಿರುತ್ತಾನೆ. ಸಾಲಿನ ನಡುವೆ ನಡೆದು, ಇವನೇ ಎಂದು ಕೈ ಹಿಡಿದು ಎಬ್ಬಿಸುವವಳು ಸೆಂಗ. ಅವಳು ಏಳದಿದ್ದರೆ ಅವರ ಬುಟ್ಟಿ, ಕೋಳಿ, ಮೇಕೆ ಎಲ್ಲ ಅಂಗಳದಲ್ಲೇ ಕಾಯಬೇಕು. ಆ ಹುಡುಗಿ ಹುಟ್ಟಿದ ದಿನದಿಂದ ನಾನು ಆ ನಡಿಗೆಗಾಗಿ ಕಾದವಳು.

ಬುಧವಾರ ಲುಟಾಯನ ಫೋನು ಬಂತು. ನಮ್ಮಲ್ಲಿ ಮಾತಾಡುವಷ್ಟು ಸಿಗ್ನಲ್ ಸಿಗುವುದು ಚರ್ಚಿನ ಹಿಂದಿನ ಬಂಡೆಯ ಮೇಲೆ ಮಾತ್ರ. ಓಡಿ ಹತ್ತಿದೆ.

"ಅಕ್ಕ, ಬರ್ತೀಯಾ ಇಲ್ವಾ, ಒಂದು ಮಾತು ಹೇಳ್ಬಿಡು."

"ಬರ್ತೀನಿ ಕಣೋ."

"ಕ್ರಿಸ್ಮಸ್‌ಗೂ ಹೀಗೇ ಅಂದೆ. ನನ್ನ ಮನೆ ಒಕ್ಕಲಿಗೂ ಹೀಗೇ ಅಂದೆ. ಅಲ್ಲೇನು, ಯಾರನ್ನಾದ್ರೂ ಕಟ್ಕೊಂಡಿದ್ದೀಯಾ ಹೇಗೆ?"

"ಮುಚ್ಚೋ ಬಾಯಿ. ಬರ್ತೀನಿ ಅಂದ್ನಲ್ಲ."

"ಬಾ, ಸಂತೋಷ. ಬರದಿದ್ರೂ ಕಾರ್ಯ ನಿಲ್ಲೋ ಹಾಗಿಲ್ಲ. ನನ್ನ ಹೆಂಡ್ತಿ ಕಂಪಾಲದಿಂದ ಒಬ್ಬಳು ಬಾಡಿಗೆ ಸೆಂಗನ್ನ ಗೊತ್ತು ಮಾಡಿ ಇಟ್ಟಿದ್ದಾಳೆ. ಚೆನ್ನಾಗಿ ಹಾಡ್ತಾಳಂತೆ, ಜನರನ್ನ ನಗಿಸ್ತಾಳಂತೆ."

ನನಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಯಾವಳೋ ಬಂದು ನನ್ನ ಹುಡುಗಿಗೆ ಗಂಡನ್ನು ಹುಡುಕಿಕೊಡುವುದೆಂದರೇನು? ಸಾಯಲಿ ಈ ಭಯ, ಈ ಸಲ ಹತ್ತಿಯೇ ಹತ್ತುತ್ತೇನೆ ಎಂದು ಬಂಡೆಯಿಂದ ಇಳಿದೆ.

ಶುಕ್ರವಾರ ಬೆಳಿಗ್ಗೆ ಗೊಮೆಸಿ ಉಟ್ಟೆ. ಭುಜ ಚೂಪಾಗಿ ನಿಲ್ಲುವ, ಸೊಂಟಕ್ಕೆ ಅಗಲ ಪಟ್ಟಿ ಕಟ್ಟುವ ಆ ರೇಷ್ಮೆ ಉಡುಪು ಮೂರು ವರ್ಷ ಪೆಟ್ಟಿಗೆಯಲ್ಲಿದ್ದು ಮಡಿಕೆ ಬಿದ್ದಿತ್ತು. ಹೆಡ್ಮಾಸ್ತರರು ಮಕ್ಕಳನ್ನೂ ದಡಕ್ಕೆ ಕಳಿಸಿದರು. ನೀರಿನ ಸಾರಿಗೆಯನ್ನು ಕಣ್ಣಾರೆ ನೋಡಿದ ಹಾಗಾಗುತ್ತದೆ ಎಂದು ಅವರ ವಾದ. ನನಗದು ಬೇಕಿರಲಿಲ್ಲ.

ಕಿಗೋಜಿ ನನ್ನೆದುರು ಬಗ್ಗಿದ. "ಬನ್ನಿ ಟೀಚರಮ್ಮ. ಮೂರು ವರ್ಷ ಆಯ್ತು ನಿಮ್ಮನ್ನ ಹೊತ್ತು. ದಪ್ಪ ಆಗಿದ್ದೀರಿ."

"ಬಾಯಿ ಕಡಿಮೆ ಮಾಡಿ ಕಾಲು ಹಾಕು," ಎಂದೆ.

ಬೆನ್ನೇರಿದ್ದು ನೆನಪಿದೆ. ನೀರು ಅವನ ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ ಏರಿದ್ದು ನೆನಪಿದೆ. ದೋಣಿಯ ಅಂಚು ಬಂತು. ಒಳಗೆ ಬಗ್ಗಿ ನೋಡಿದೆ. ತಳದಲ್ಲಿ ನೀರು ನಿಂತಿತ್ತು, ಒಬ್ಬಳು ಡಬ್ಬದಲ್ಲಿ ಎತ್ತಿ ಹೊರಗೆ ಚೆಲ್ಲುತ್ತಿದ್ದಳು. ಕಿತ್ತಳೆ ಬಣ್ಣದ ಜೀವರಕ್ಷಕ ಜಾಕೆಟ್ಟುಗಳನ್ನು ದಿಂಬು ಮಾಡಿಕೊಂಡು ಎಲ್ಲರೂ ಅವುಗಳ ಮೇಲೆ ಕೂತಿದ್ದರು. ಎಂಜಿನ್ನನ್ನು ರಬ್ಬರ್ ಪಟ್ಟಿಯಿಂದ ಬಿಗಿದಿದ್ದರು.

"ಕಾಲಿಡಿ ಟೀಚರಮ್ಮ," ಎಂದ ಕಿಗೋಜಿ.

ಕಾಲು ಅಲ್ಲಾಡಲಿಲ್ಲ. ಕೈಗಳು ತಮ್ಮಷ್ಟಕ್ಕೆ ತಾವೇ ಅವನ ಕತ್ತಿಗೆ ಗಂಟು ಬಿದ್ದವು.

"ಟೀಚರಮ್ಮ, ಕತ್ತು. ಉಸಿರು ಆಡ್ತಿಲ್ಲ."

"ಅವನನ್ನೂ ಜೊತೆಗೇ ಹತ್ತಿಸ್ಕೊಳ್ಳಿ," ಎಂದು ದೋಣಿಯಲ್ಲಿದ್ದ ಮೀನು ವ್ಯಾಪಾರಿಯೊಬ್ಬ ಹೇಳಿದ. "ಬಿಡೋ ಮನಸ್ಸಿಲ್ಲ ಅವರಿಗೆ," ಎಂದು ಇನ್ನೊಬ್ಬಳು ನಕ್ಕಳು.

ದೋಣಿಯ ಯಜಮಾನ ಕಯೊಂಡೊ ನಗಲಿಲ್ಲ. "ಹತ್ತೋದಾದ್ರೆ ಹತ್ತಿ ಅಮ್ಮ. ಬಿಸಿಲೇರ್ತಿದೆ, ನನ್ನ ಮೀನು ಕೊಳೀತದೆ."

ಹತ್ತಬೇಕೆಂದು ನನಗಿರಲಿಲ್ಲವೇ? ಬಿರುಂಗಿಯ ಮುಖ ನೆನೆದೆ, ಆ ಬಾಡಿಗೆ ಹೆಂಗಸನ್ನು ನೆನೆದೆ, ನನ್ನನ್ನು ನಾನೇ ಬೈದುಕೊಂಡೆ. ಮೈ ಕೇಳಲಿಲ್ಲ. ಕೊನೆಗೆ ಕಿಗೋಜಿ ಕೆಮ್ಮುತ್ತಾ ತಿರುಗಿ, ಹೊತ್ತುಕೊಂಡು ಹೋದವಳನ್ನು ಹಾಗೇ ಹೊತ್ತುಕೊಂಡು ಬಂದು ಮರಳಿನ ಮೇಲೆ ಇಳಿಸಿದ. ದುಡ್ಡು ತೆಗೆದುಕೊಳ್ಳಲಿಲ್ಲ.

ನಂಟೇಜ ಹತ್ತಿರ ಬಂದು, ಬಹಳ ಯೋಚಿಸಿದವಳ ಹಾಗೆ ಹೇಳಿದಳು: "ಟೀಚರ್, ಇವತ್ತು ಕಿಗೋಜಿ ಮಾಮ ವಾಹನ ಅಲ್ಲ. ಎಲ್ಲಿಂದ ಕರ್ಕೊಂಡ್ ಹೋದ್ನೋ ಅಲ್ಲಿಗೇ ತಂದ್ಬಿಟ್ಟ."

ಅವಳ ಕಿವಿ ಹಿಂಡಬೇಕೆನಿಸಿತು. ಅದರ ಬದಲು ಮಕ್ಕಳೆದುರಿಗೇ ಗೊಳೋ ಎಂದು ಅತ್ತೆ.

ಶನಿವಾರ ಮಧ್ಯಾಹ್ನ ಅದೇ ಗೊಮೆಸಿ ಉಟ್ಟು ಬಂಡೆಯ ಮೇಲೆ ಕೂತೆ. ನೋಡುವವರು ಯಾರೂ ಇರಲಿಲ್ಲ, ಆದರೂ ಉಟ್ಟೆ. ನಾನು ಫೋನು ಮಾಡಿದರೆ ಲುಟಾಯ ಎತ್ತಿ, ನನಗೆ ಕೇಳಲೆಂದು ಅದನ್ನು ಹಾಗೇ ಎಲ್ಲೋ ಮೇಜಿನ ಮೇಲಿಟ್ಟ. ಗಂಡಿನ ಕಡೆಯ ಮಾತುಗಾರ ನಮ್ಮ ಕಡೆಯ ಮಾತುಗಾರನನ್ನು ಕೆಣಕುವುದು ಕೇಳಿಸಿತು. ಮಟೋಕೆ ಬಾಳೆಕಾಯಿ ಬೇಯುವ ಮನೆಯಲ್ಲಿ ಪಾತ್ರೆ ಬಿದ್ದ ಸದ್ದು ಕೇಳಿಸಿತು. ಆಮೇಲೆ ಯಾರೋ, "ಸೆಂಗ ಎಲ್ಲಿ?" ಎಂದರು.

"ಇಲ್ಲಿದ್ದೀನಿ," ಎಂದು ಒಬ್ಬಳು ರಾಗವಾಗಿ ಹೇಳಿದಳು.

ಅವಳು ನಡೆದಿರಬೇಕು. ಒಬ್ಬನ ಹತ್ತಿರ ನಿಂತು, ಛೆ, ಇವನಲ್ಲ, ಇವನ ಮೂಗು ನೋಡಿ ಎಂದಳು. ಎಲ್ಲರೂ ನಕ್ಕರು. ಇನ್ನೊಬ್ಬನ ಕಿವಿಯನ್ನು ಆಡಿಕೊಂಡಳು. ಚೆನ್ನಾಗಿಯೇ ಮಾಡಿದಳು, ಸುಳ್ಳು ಹೇಳಬಾರದು. ಆಮೇಲೆ ಹೆಂಗಸರೆಲ್ಲ ಒಟ್ಟಿಗೆ ನಾಲಿಗೆ ಹೊರಳಿಸಿ ಉಲಿದರು. ಹುಡುಗ ಸಿಕ್ಕಿದ. ಆಯಿತು, ಅಷ್ಟೇ. ಇಪ್ಪತ್ತೆರಡು ವರ್ಷ ಕಾದ ನಡಿಗೆಯನ್ನು ನಾನು ಬಂಡೆಯ ಮೇಲೆ ಕೂತು ಕೇಳಿಸಿಕೊಂಡೆ.

ಭಾನುವಾರ ಬಿರುಂಗಿಯೇ ಫೋನು ಮಾಡಿದಳು.

"ಯಾಕೆ ಬರ್ಲಿಲ್ಲ ಸೆಂಗ?"

ಹೊಟ್ಟೆನೋವು ಎನ್ನಬಹುದಿತ್ತು. ಸಾಕಾಗಿ ಹೋಗಿತ್ತು. "ನನಗೆ ನೀರಂದ್ರೆ ಭಯ ಕಣೇ. ದೋಣಿ ಹತ್ತೋಕಾಗಲ್ಲ. ಶುಕ್ರವಾರ ಹತ್ತೋಕೆ ಹೋದೆ, ಕಾಲೇ ಬರ್ಲಿಲ್ಲ. ಮೂರು ವರ್ಷದಿಂದ ಹೀಗೇ ಇದ್ದೀನಿ."

ಅವಳ ದನಿ ಸಣ್ಣದಾಯಿತು. "ಇಷ್ಟೇನಾ? ನಿನಗೆ ನಾನು ಬೇಡವಾದೆ ಅಂದ್ಕೊಂಡಿದ್ದೆ. ಅಲ್ಲಿಗೆ ಹೋದ ಮೇಲೆ ನನ್ನ ಮರೆತೇಬಿಟ್ಟೆ ಅಂತ."

ಒಂದು ಮಗು ಮೂರು ವರ್ಷ ಹಾಗೆಂದುಕೊಂಡು ಬದುಕಿದೆ, ನಾನಿಲ್ಲಿ ಹೊಟ್ಟೆನೋವು ಎಂದು ಹೇಳಿಕೊಂಡು ಕೂತಿದ್ದೇನೆ.

"ಸರಿ ಬಿಡು," ಎಂದಳು. "ನೀನು ಬರ್ಬೇಡ. ನಾನೇ ಬರ್ತೀನಿ. ನಾಳೆ ಮಧ್ಯಾಹ್ನದ ದೋಣಿಗೆ. ನನ್ನ ಮದುವೆಯಾಗೋವ್ರೂ ಜೊತೆಗಿರ್ತಾರೆ."

"ಬೇಡ."

"ಯಾಕೆ ಬೇಡ?"

"ಆ ದೋಣಿ ಸರಿ ಇಲ್ಲ. ನಿನಗೆ ಈಜು ಬರಲ್ಲ."

"ದಿನಾ ಎಷ್ಟು ಜನ ಬರಲ್ವಾ? ನನಗೇನೂ ಭಯ ಇಲ್ಲಪ್ಪ. ಅವರು ಟಿಕೆಟ್ ಕೂಡ ತೆಗೆದುಕೊಟ್ಟಾಯ್ತು." ಫೋನಿಟ್ಟಳು. ಮತ್ತೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಹಟದಲ್ಲಿ ನನ್ನನ್ನೇ ಹೋಲುತ್ತಾಳೆ.

ನಮಗಿರುವುದು ಕಯೊಂಡೊನ ಒಂದೇ ದೋಣಿ. ಬೆಳಿಗ್ಗೆ ಇಲ್ಲಿಂದ ಮೀನು ತುಂಬಿಕೊಂಡು ಆಚೆ ದಡಕ್ಕೆ ಹೋಗುತ್ತದೆ, ಮಧ್ಯಾಹ್ನ ಅಲ್ಲಿಂದ ಜನರನ್ನು ತುಂಬಿಕೊಂಡು ಬರುತ್ತದೆ. ಬಿರುಂಗಿ ಹತ್ತುವುದು ಅದನ್ನೇ. ಅವಳನ್ನು ತಡೆಯಬೇಕಾದರೆ ಬೆಳಿಗ್ಗೆ ಅದೇ ದೋಣಿಯಲ್ಲಿ ನಾನು ಹೋಗಿ ಆಚೆ ದಡದಲ್ಲಿ ನಿಲ್ಲಬೇಕು. ಬೇರೆ ದಾರಿ ಇರಲಿಲ್ಲ. ರಾತ್ರಿಯೆಲ್ಲ ಬೇರೆ ದಾರಿ ಹುಡುಕಿದೆ.

ಸೋಮವಾರ ಗಾಳಿಯ ಸಾರಿಗೆಯ ಪಾಠ. ವಿಮಾನದ ಚಿತ್ರ ತೋರಿಸುತ್ತಾ ನಿಂತಿದ್ದೆ, ಕಿವಿ ದಡದ ಕಡೆಗಿತ್ತು.

"ವಿಮಾನಾನ ಮೇಲಕ್ಕೆ ಯಾರು ನೂಕ್ತಾರೆ ಟೀಚರ್?" ಎಂದು ಸೆಂಪಾಲ ಕೇಳಿದ.

"ಎಂಜಿನ್ನು."

"ಕೆಟ್ಟೋದ್ರೆ?"

ದಡದಲ್ಲಿ ಕಯೊಂಡೊ ಸೀಟಿ ಊದಿದ. ಮೊದಲ ಸೀಟಿ ಮೀನಿಗೆ, ಎರಡನೆಯದು ಜನರಿಗೆ. ನನ್ನ ಕಣ್ಣಿಗೆ ವಿಮಾನವೂ ಕಾಣಲಿಲ್ಲ, ಮಕ್ಕಳೂ ಕಾಣಲಿಲ್ಲ. ರಬ್ಬರ್ ಪಟ್ಟಿ ಬಿಗಿದ ಆ ಎಂಜಿನ್ನು, ಅದರ ಪಕ್ಕದಲ್ಲಿ ಜಾಕೆಟ್ಟನ್ನು ದಿಂಬು ಮಾಡಿಕೊಂಡು ಕೂತು ನಗುತ್ತಿರುವ ಬಿರುಂಗಿ ಕಂಡಳು.

ಸೀಮೆಸುಣ್ಣ ಕೆಳಗಿಟ್ಟೆ. "ಪಕ್ಕದ ಕ್ಲಾಸಿನ ಟೀಚರ್ ಬರೋವರೆಗೂ ಯಾರೂ ಎದ್ದೇಳಬಾರ್ದು," ಎಂದು ಹೊರಗೆ ಬಂದೆ. ಮೊದಲು ನಡೆದೆ, ಆಮೇಲೆ ಓಡಿದೆ. ಚೀಲವಿಲ್ಲ, ಗೊಮೆಸಿಯಿಲ್ಲ, ಕಾಲಲ್ಲಿ ಶಾಲೆಯ ರಬ್ಬರ್ ಚಪ್ಪಲಿ.

ನನ್ನನ್ನು ನೋಡಿದ್ದೇ ಕಿಗೋಜಿಯ ಕೈ ತನ್ನ ಕತ್ತಿಗೆ ಹೋಯಿತು. "ಶಾಸ್ತ್ರ ಮುಗೀತಲ್ಲ ಟೀಚರಮ್ಮ. ಇನ್ನೇನು ನಿಮಗೆ ಅಲ್ಲಿ?"

"ಆ ಹುಡುಗಿ ಈ ದೋಣಿ ಹತ್ತಬಾರ್ದು. ಬಗ್ಗು."

ಅವನು ಬಗ್ಗಿದ. ನನಗೆ ಧೈರ್ಯ ಬಂತು ಎಂದು ಯಾರೂ ತಿಳಿಯಬಾರದು. ಮೊನ್ನೆಗಿಂತ ಹೆಚ್ಚು ನಡುಗುತ್ತಿದ್ದೆ, ಹಲ್ಲು ಕಟಕಟ ಎನ್ನುತ್ತಿತ್ತು. ಆದರೆ ಶುಕ್ರವಾರ ಆ ನೀರಿನಲ್ಲಿ ನಾನೊಬ್ಬಳೇ ಮುಳುಗುತ್ತಿದ್ದೆ. ಇವತ್ತು ಕಣ್ಣು ಮುಚ್ಚಿದರೆ ಅವಳು ಮುಳುಗುತ್ತಿದ್ದಳು. ದೋಣಿಯ ಅಂಚು ಬಂದಾಗ ಕೈ ಬಿಟ್ಟು, ಕಾಲು ಎಲ್ಲಿ ಬೀಳುತ್ತದೆ ಎಂದೂ ನೋಡದೆ ಒಳಗೆ ಬಿದ್ದೆ. ದೋಣಿ ತೊನೆಯಿತು.

ಎದ್ದವಳೇ ಶುಕ್ರವಾರದ ಆ ಮೀನು ವ್ಯಾಪಾರಿಯ ಮುಂದೆ ನಿಂತೆ. "ಏಳಪ್ಪ ಮೇಲೆ. ಆ ಜಾಕೆಟ್ಟು ಕೂರೋದಕ್ಕಲ್ಲ, ಹಾಕ್ಕೊಳ್ಳೋದಕ್ಕೆ."

"ಬಟ್ಟೆ ಒದ್ದೆ ಆಗ್ತದೆ ಟೀಚರ್, ಹಲಗೆ ನೆಂದಿದೆ."

"ಆಗ್ಲಿ. ಎಲ್ಲರೂ ಏಳಿ. ತಲೆ ಮೇಲಿಂದ ಹಾಕಿ, ಪಟ್ಟಿ ಎಳೀರಿ. ಅಮ್ಮ, ನಿಮ್ಮ ಪಟ್ಟಿ ತಿರುಚಿದೆ. ನೀವೂನು ಕಯೊಂಡೊ."

"ನನ್ನ ದೋಣಿ ಇದು."

"ಇರ್ಲಿ. ಹಾಕ್ಕೊಳ್ಳಿ."

ಹಾಕಿಕೊಂಡ. ಎಲ್ಲರೂ ಗೊಣಗುತ್ತಾ ಹಾಕಿಕೊಂಡರು. ಎಂಜಿನ್ ಶುರುವಾದ ಮೇಲೆ ನನ್ನ ಬಾಯಿ ಬಂದ್ ಆಯಿತು. ಹಲಗೆ ಹಿಡಿದು ತಲೆ ಮೊಣಕಾಲಿಗೆ ಒತ್ತಿ ಕೂತವಳು ಆಚೆ ದಡದವರೆಗೂ ತಲೆ ಎತ್ತಲಿಲ್ಲ. ಎರಡು ಸಲ ವಾಂತಿ ಮಾಡಿಕೊಂಡೆ. ಪಕ್ಕದಲ್ಲಿದ್ದ ಹೆಂಗಸು ಬೆನ್ನು ಸವರುತ್ತಾ, "ಇಷ್ಟು ಕಷ್ಟಪಟ್ಟು ಯಾರಿಗೋಸ್ಕರ ಹೋಗ್ತಿದ್ದೀರಿ?" ಎಂದು ಕೇಳಿದಳು.

"ಮಗಳಿಗೋಸ್ಕರ," ಎಂದೆ.

ಆಚೆ ದಡದಲ್ಲೂ ಹೊರುವವರ ಬೆನ್ನೇ ಗತಿ. ಯಾರ ಬೆನ್ನಿನಿಂದ ಇಳಿದೆನೋ ತಿಳಿಯದು. ನೆಲ ಇನ್ನೂ ಓಲಾಡುತ್ತಿತ್ತು. ಮತ್ತೆ ಹಿಂದಿರುಗಬೇಕು ಎಂಬ ಯೋಚನೆ ಬಂತು. ಅಷ್ಟರಲ್ಲಿ ಬಿರುಂಗಿ ಕಂಡಳು. ನನ್ನ ಮಗ್ಗುಲಲ್ಲಿ ಮಲಗುತ್ತಿದ್ದವಳು ಈಗ ನನಗಿಂತ ಎತ್ತರ. ಕೈಯಲ್ಲಿ ಒಂದು ಬುಟ್ಟಿ, ಟಿಕೆಟ್ಟು.

ಅವಳು ಓಡಿ ಬಂದು ನನ್ನ ಮುಂದೆ ನಿಂತಳು. ಒದ್ದೆ ಬಟ್ಟೆ, ವಾಂತಿಯ ನಾತ, ಬಿಚ್ಚಲು ಮರೆತ ಕಿತ್ತಳೆ ಜಾಕೆಟ್ಟು, ಎಲ್ಲವನ್ನೂ ನೋಡಿದಳು. ತಬ್ಬಿಕೊಳ್ಳುತ್ತಾಳೆ ಎಂದುಕೊಂಡೆ. ಆದರೆ ಅವಳು ಹಿಂದೆ ಸರಿದು, ಮೀನು ಬುಟ್ಟಿ ಹೊರುವವರು, ದೋಣಿಯವರು, ಗಿರಾಕಿಗಳು ಗುಂಪಾಗಿ ನಿಂತಿದ್ದ ಕಡೆ ಕೈ ತೋರಿಸಿದಳು.

"ಸೆಂಗ," ಎಂದಳು. "ಶನಿವಾರದ್ದು ಲೆಕ್ಕಕ್ಕಿಲ್ಲ. ಇವರಲ್ಲಿ ಯಾರು, ನೀನು ಹೇಳು."

ಆ ಹುಡುಗನನ್ನು ನಾನು ಚಿತ್ರದಲ್ಲೂ ನೋಡಿದವಳಲ್ಲ. ಹಾಡಲು ಬರುವುದಿಲ್ಲ, ಜನರನ್ನು ನಗಿಸಲೂ ಬರುವುದಿಲ್ಲ. ನನಗೆ ಬರುವುದು ಗದರುವುದೊಂದೇ. ಆ ಗಂಡಸರ ನಡುವೆ ಹೋಗಿ ನಿಂತೆ.

"ಈಜು ಬಾರದ ಹುಡುಗಿಗೆ ಆ ಒಡಕಲು ದೋಣಿಗೆ ಟಿಕೆಟ್ ತೆಗೆದುಕೊಟ್ಟ ಮುಟ್ಠಾಳ ಇಲ್ಲಿ ಯಾರು?" ಎಂದು ಕೇಳಿದೆ.

ಎಲ್ಲರೂ ನನ್ನನ್ನೇ ನೋಡಿದರು. ಒಬ್ಬ ಮಾತ್ರ, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ ಒಬ್ಬ ತೆಳ್ಳನೆಯ ಹುಡುಗ, ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡಿಕೊಂಡ.

ಹೋಗಿ ಅವನ ಕೈ ಹಿಡಿದೆ. "ಇವನೇ," ಎಂದೆ.

ಮೀನು ಹೊರುವ ಹೆಂಗಸರು ವಿಷಯ ಏನೂ ತಿಳಿಯದಿದ್ದರೂ ಗಟ್ಟಿಯಾಗಿ ಉಲಿದರು. ಬಿರುಂಗಿ ಮೀನಿನ ಪೊರೆ ಅಂಟಿದ ಆ ಮರಳಿನಲ್ಲೇ ನನ್ನೆದುರು ಮಂಡಿಯೂರಿ ಕೂತಳು, ಅಳುತ್ತಿದ್ದಳು. ಒಂದು ಕೈಯಲ್ಲಿ ಆ ಹುಡುಗನನ್ನು ಹಿಡಿದುಕೊಂಡೇ ಇನ್ನೊಂದು ಕೈಯನ್ನು ಅವಳ ತಲೆಯ ಮೇಲಿಟ್ಟೆ.